ಜರ್ಮನ್ ಸೆಡಾನ್ ಮಾರಿ ಇಟಿಯೋಸ್ ತಗೊಂಡೆ

ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಪೆಟ್ರೋಲ್. ಮೊದಲನೆಯದು 2013ರ ಜರ್ಮನ್ ಐಷಾರಾಮಿ ಸೆಡಾನ್, 11 ಲಕ್ಷ ಕೊಟ್ಟಿದ್ದೆ. ಹದಿನಾಲ್ಕೇ ತಿಂಗಳಿಗೆ ಮಾರಿದೆ. ಎರಡನೆಯದು 2016ರ ಟೊಯೊಟಾ ಇಟಿಯೋಸ್, 4 ಲಕ್ಷ 60 ಸಾವಿರ. ನಮ್ಮ ಬಿಡದಿಯಲ್ಲೇ ತಯಾರಾದ ಕಾರು. ಎರಡು ವರ್ಷದಿಂದ ಜೊತೆಗಿದೆ, ಮಾರುವ ಮನಸ್ಸಿಲ್ಲ.

ನನ್ನ ಓಡಾಟ ಹೇಳಿಬಿಡುತ್ತೇನೆ. ತಿಂಗಳಿಗೆ ಎರಡು ಸಲ ಬೆಂಗಳೂರಿಂದ ಸಕಲೇಶಪುರದ ಆಚೆ ನಮ್ಮೂರಿಗೆ. ಅಮ್ಮ ಅಲ್ಲಿದ್ದಾರೆ. ಕೊನೆಯ 6 ಕಿಲೋಮೀಟರ್ ತೋಟದ ರಸ್ತೆ.

ಸೆಡಾನ್‌ನಲ್ಲಿ ಸ್ಟೆಪ್ನಿ ಇರಲಿಲ್ಲ. ತೂಕ, ಜಾಗ ಉಳಿಯಲಿ ಅಂತ ಕೆಲವು ಕಂಪನಿಗಳು ಬದಲಿಗೆ ರನ್‌ಫ್ಲಾಟ್ ಟೈರ್ ಕೊಡುತ್ತವೆ. ಅದರ ಪಕ್ಕದ ಗೋಡೆ ದಪ್ಪ. ಗಾಳಿ ಪೂರ್ತಿ ಹೋದರೂ 80ರ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಓಡಿಸಬಹುದು. ಕೊಳ್ಳುವಾಗ ಇದು ಅನುಕೂಲ ಅಂತಲೇ ಅನಿಸಿತ್ತು.

ಜುಲೈ ಮಳೆ. ಅಮ್ಮನನ್ನು ಕಣ್ಣಿನ ಡಾಕ್ಟರ್ ಹತ್ತಿರ ಬೆಂಗಳೂರಿಗೆ ಕರೆದುಕೊಂಡು ಹೊರಟಿದ್ದೆ. ಬಾಳ್ಳುಪೇಟೆ ದಾಟಿದ ಮೇಲೆ ನೀರು ತುಂಬಿದ ಗುಂಡಿಗೆ ಬಿತ್ತು. ಹಾಸನದ ತನಕ ಟೈರ್ ತಡೆಯಿತು, ಸುಳ್ಳು ಹೇಳಲ್ಲ. ಅಲ್ಲಿ ಪಂಕ್ಚರ್ ಅಂಗಡಿಯ ಹುಡುಗ ನೋಡಿದವನೇ, "ಸಾರ್, ಸೈಡಲ್ಲಿ ಹರಿದಿದೆ, ಪ್ಯಾಚ್ ನಿಲ್ಲಲ್ಲ" ಅಂದ. ಮೂರು ಟೈರ್ ಅಂಗಡಿ ತಿರುಗಿದೆ. ಆ ಸೈಜು ಎಲ್ಲೂ ಇಲ್ಲ. ಬೆಂಗಳೂರಿಂದ ತರಿಸಬೇಕು, ಮೂರು ದಿನ.

ಕಾರು ಅಲ್ಲೇ ಬಿಟ್ಟು, ಅಮ್ಮನ ಚೀಲಗಳನ್ನು ಹೊತ್ತು ಬಸ್ ಹತ್ತಿದೆವು. ಅಪಾಯಿಂಟ್‌ಮೆಂಟ್ ತಪ್ಪಿತು. ಅಮ್ಮ ಏನೂ ಅನ್ನಲಿಲ್ಲ. ನನಗೆ ಮಾತ್ರ ಇವತ್ತಿಗೂ ಬೇಜಾರಿದೆ. ಟೈರಿಗೆ 23 ಸಾವಿರ, ಜೊತೆಗೆ ಕಾರು ತರಲು ಇನ್ನೊಂದು ದಿನದ ರಜೆ.

ಹೋದ ವರ್ಷ ಇಟಿಯೋಸ್‌ಗೂ ತೋಟದ ರಸ್ತೆಯಲ್ಲಿ ಪಂಕ್ಚರ್ ಆಯ್ತು. ಜಾಕ್ ಕೊಟ್ಟು ಸ್ಟೆಪ್ನಿ ಹಾಕಿದೆ, ಇಪ್ಪತ್ತು ನಿಮಿಷ. ಸಕಲೇಶಪುರದಲ್ಲಿ 150 ರೂಪಾಯಿಗೆ ಪ್ಯಾಚ್. ಅಷ್ಟೇ.

ಡಿಕ್ಕಿ 595 ಲೀಟರ್. ಅಕ್ಕಿ ಮೂಟೆ, ಬಾಳೆಗೊನೆ, ಅಮ್ಮನ ಉಪ್ಪಿನಕಾಯಿ ಭರಣಿ ಎಲ್ಲಾ ಹಿಡಿಯುತ್ತದೆ.

ಮೈಲೇಜ್ ಹೈವೇಯಲ್ಲಿ ನನಗೆ 16 ಸಿಗುತ್ತಿದೆ. ಸೆಡಾನ್ 11 ದಾಟಲಿಲ್ಲ.

ಇಟಿಯೋಸ್‌ನಲ್ಲಿ ಕೊರತೆ ಇದೆ. ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ಮಧ್ಯದಲ್ಲಿದೆ, ಅಭ್ಯಾಸವಾಗಲು ತಿಂಗಳು ಹಿಡಿಯಿತು. ಮಳೆ ಬಂದರೆ ಒಳಗೆ ಸದ್ದು ಜಾಸ್ತಿ. ಸೆಡಾನ್‌ನಲ್ಲಿ 100ರ ವೇಗದಲ್ಲೂ ಮೆಲ್ಲಗೆ ಮಾತಾಡಬಹುದಿತ್ತು. ಸೀಟಂತೂ ಬಹಳ ಚೆನ್ನಾಗಿತ್ತು.

ಇನ್ನು ಮರ್ಯಾದೆಯ ವಿಷಯ. ಮದುವೆ ಛತ್ರದ ಮುಂದೆ ಸೆಡಾನ್ ನಿಲ್ಲಿಸಿದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ನಾನು ಕೊಂಡಿದ್ದಕ್ಕೆ ಅದೂ ಕಾರಣ. ಈಗ "ಟ್ಯಾಕ್ಸೀನಾ?" ಅಂತ ಕೇಳುವವರಿದ್ದಾರೆ. ಕೇಳಲಿ. ವರ್ಷಕ್ಕೆ ಮೂರೋ ನಾಲ್ಕೋ ಮದುವೆಗೆ ಹೋಗುತ್ತೇನೆ, ಊರಿಗೆ ಇಪ್ಪತ್ತನಾಲ್ಕು ಸಲ. ಬೆಂಗಳೂರಲ್ಲೇ ಓಡಾಡುವವರಿಗೆ, ಟೈರಿಗೆ 23 ಸಾವಿರ ದೊಡ್ಡ ಮಾತಲ್ಲ ಅನ್ನುವವರಿಗೆ, ಸೆಡಾನ್ ಸರಿಹೋಗಬಹುದು. ನನ್ನ ಸಂಬಳಕ್ಕೆ, ನನ್ನ ದಾರಿಗೆ ಇಟಿಯೋಸೇ ಸರಿ.

2020ರಿಂದ ಹೊಸ ಇಟಿಯೋಸ್ ಬರುತ್ತಿಲ್ಲ. ಹಳೆಯದು ನೋಡುವವರು ಮೊದಲು ಆರ್‌ಸಿ ನೋಡಿ. ಹಳದಿ ಬೋರ್ಡಿನಲ್ಲಿ ದುಡಿದು ಬಿಳಿ ಬೋರ್ಡಿಗೆ ಬಂದವೂ ಇವೆ. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ, ಜಾಕ್, ಪಾನಾ ಮೂರೂ ಇದೆಯಾ ನೋಡಿಕೊಳ್ಳಿ.