ನಾಕು ರೂಮಿನ ಹೋಮ್‌ಸ್ಟೇಗೆ ಸೋಕ್ ಪಿಟ್ಟಾ, ಜೊಂಡಿನ ಗುಂಡಿನಾ?

ಬೀದರ್ ಕ್ವಾಟಿ ನೋಡ್ಲಿಕ್ಕೆ ಬರೋ ಮಂದಿಗೆ ನಾಕು ರೂಮ್ ಕಟ್ಟಸ್ಲಿಕತ್ತೀನಿ, ಪಾಯಖಾನಿ ನೀರಿಗೆ ಏನ್ ಮಾಡ್ಲಿ ಅಂತ ದೋಸ್ತ ಕೇಳ್ದ.

ಸೆಪ್ಟಿಕ್ ಟ್ಯಾಂಕ್, ಸೋಕ್ ಪಿಟ್ (ಟ್ಯಾಂಕಿನ ನೀರು ನೆಲಕ್ಕ ಇಂಗೋ ಗುಂಡಿ) ಅಗ್ಗ ಅದ, ಕರೆಂಟ್ ಬ್ಯಾಡ. ಆದ್ರ ಟ್ಯಾಂಕಿನ್ಯಾಗ ಹೊಲಸು ತಳಕ್ಕ ಕೂಡ್ತದ ಅಷ್ಟ, ಮೂತ್ರದಾಗಿನ ನೈಟ್ರೋಜನ್ ಹೆಚ್ಚುಕಮ್ಮಿ ಹಂಗೇ ಹೊರಗ ಬಂದು ನೈಟ್ರೇಟ್ ಆಗಿ ನೆಲಕ್ಕ ಇಳೀತದ, ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲಂತೂ ಜಾಳಿಗಿ ಇದ್ದಂಗ, ನೌಬಾದ್ ಸುರಂಗ ಬಾವಿ ಈ ಕಲ್ಲಿನ್ಯಾಗೇ ಕೊರದದ್ದು ನೋಡೀರಲ್ಲ, ಬಾಜುಕ ಬೋರ್ ಇದ್ರ ಅದೇ ನೀರು ವಾಪಸ್ ಗ್ಲಾಸಿಗೆ. ಕುಡಿಯೋ ನೀರಿಗೆ ನೈಟ್ರೇಟ್ ಲಿಮಿಟ್ ಲೀಟರಿಗೆ 45 ಮಿ.ಗ್ರಾಂ, ಕುದಿಸಿದ್ರೂ ಹೋಗಂಗಿಲ್ಲ.

ಸಣ್ಣ ದ್ವೀಪದಾಗೂ ಇದೇ ಗೋಳು. ಲಕ್ಷದ್ವೀಪದಾಗ ಹವಳದ ಉಸುಕಿನ ಕೆಳಗ ತೆಳ್ಳಗ ಸಿಹಿನೀರು, ಅದರ ಮ್ಯಾಲೇ ಪಾಯಖಾನಿ. ಫಿಲಿಪೈನ್ಸ್‌ನ ಬೊರಾಕೇ ಕೊಳಚಿ ಕಾರಣಕ್ಕೇ 2018ರಾಗ ಆರ್ ತಿಂಗಳು ಟೂರಿಸ್ಟರಿಗೆ ಬಂದ್ ಇತ್ತು!

ಜೊಂಡಿನ ಗುಂಡಿ ಅಂದ್ರ ಟ್ಯಾಂಕ್ ಆದಮ್ಯಾಲ ಖಡಿ ತುಂಬಿದ, ತಳ ಸೋರದ ಗುಂಡಿ, ಮ್ಯಾಲ ಜೊಂಡು ಇಲ್ಲ ಕಾಬಾಳೆ. ಗಾಳಿ ಇರೋ ಕಡೆ ಅಮೋನಿಯಾ ನೈಟ್ರೇಟ್ ಆಗ್ತದ, ಗಾಳಿ ಇಲ್ಲದ ಕಡೆ ಬ್ಯಾಕ್ಟೀರಿಯಾ ಅದನ್ನ ಗ್ಯಾಸ್ ಮಾಡಿ ಹಾರಿಸ್ತಾವ. ಫಾಸ್ಫರಸ್ ಅಷ್ಟು ಹೋಗಂಗಿಲ್ಲ, ಜಾಗ ಭಾಳ ಬೇಕು, ಹುಲ್ಲು ಕೊಯ್ಯೋ ಕೆಲಸ ಬ್ಯಾರೆ. ಹೊರಗ ಬಂದ ನೀರು ಗಿಡಕ್ಕ ಬಿಡ್ರಿ, ಫಾಸ್ಫರಸ್ ಅಲ್ಲಿ ಗೊಬ್ಬರ.

ರೆಡಿಮೇಡ್ ಎಸ್‌ಟಿಪಿ (ಕೊಳಚಿ ನೀರು ಶುದ್ಧ ಮಾಡೋ ಮಷೀನು) ನಾಕು ರೂಮಿಗೆ ನಾ ಹೇಳಂಗಿಲ್ಲ, ಅದಕ್ಕ ಗಾಳಿ ಊದೋ ಬ್ಲೋವರ್ ನಿಂತ್ರ ಕಥಿ ಮುಗೀತು.

ಜಾಗ ಇದ್ರ ಜೊಂಡೇ ಹಾಕ್ರಿ. ಇಲ್ಲಂದ್ರ ಸೋಕ್ ಪಿಟ್ ಬೋರ್‌ನಿಂದ ದೂರ, ಇಳಿಜಾರಿನ ಕೆಳಗಿರಲಿ.