ಸೆಮಿ ಹಾಲೋ ಗಿಟಾರು, ಜಾಜ್ ನಾದ, ಒಂದು ಪಾತಾಳಗರಡಿ

ಪ್ಲಗ್ ಹಾಕದೆ ನುಡಿಸಲಿಕ್ಕೆಂದು ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರು ಯಾರೂ ಇರಲಿಕ್ಕಿಲ್ಲ. ನಾನೂ ಅದಕ್ಕಾಗಿ ಕೊಂಡದ್ದಲ್ಲ. ಆದರೂ ಈ ಸೆಮಿ ಹಾಲೋ (ಅರೆಟೊಳ್ಳು ಪೆಟ್ಟಿಗೆಯ ಎಲೆಕ್ಟ್ರಿಕ್ ಗಿಟಾರು) ನಮ್ಮ ಮನೆಯಲ್ಲಿ ಹೆಚ್ಚು ದುಡಿದಿರುವುದು ರಾತ್ರಿ ಹತ್ತರ ಮೇಲೆ, ಆಂಪ್ ಆಫ್ ಇರುವಾಗಲೇ. ಮಗಳು ಮಲಗಿರುತ್ತಾಳೆ, ಗೋಡೆಯಾಚೆ ಪಕ್ಕದ ಮನೆಯವರ ಬೆಡ್‌ರೂಮು. ದಿವಾನದ ಮೇಲೆ ಕಾಲು ಮಡಚಿ ಕೂತು ಜಾಜ್‌ನಲ್ಲಿ ಪದೇ ಪದೇ ಬರುವ ಎರಡು-ಐದು-ಒಂದು ಸ್ವರಮೇಳಗಳನ್ನು ಒಂದೊಂದೇ ಶ್ರುತಿಗೆ ಇಳಿಸುತ್ತಾ ಹೋದರೆ, ಎಫ್ ಹೋಲ್‌ನಿಂದ (ಮೇಲ್ಹಲಗೆಯ f ಆಕಾರದ ತೂತಿನಿಂದ) ಬರುವ ಸದ್ದು ನನಗೆ ಸಾಕು, ಪಕ್ಕದ ಕೋಣೆ ತನಕ ಹೋಗುವುದಿಲ್ಲ. 'ರೀ, ಪ್ಲಗ್ ಹಾಕಿಲ್ಲ ತಾನೆ?' ಅಂತ ಒಳಗಿಂದ ಒಂದು ಮಾತು ಬರುತ್ತದೆ, ಅಷ್ಟೆ. ಮೊದಲಿದ್ದ, ಒಳಗೆ ಟೊಳ್ಳೇ ಇಲ್ಲದ ಸಾಲಿಡ್ ಬಾಡಿ ಗಿಟಾರಿನಲ್ಲಾದರೆ ಹೆಡ್‌ಫೋನು, ಕೇಬಲ್ಲು, ಅಡಾಪ್ಟರು ಹುಡುಕುವಷ್ಟರಲ್ಲಿ ನುಡಿಸುವ ಮನಸ್ಸೇ ಹೋಗಿರುತ್ತಿತ್ತು.

ನಿಜಕ್ಕೂ ಆಸೆಯಿದ್ದದ್ದು ಫುಲ್ ಹಾಲೋ ಮೇಲೆ. ಜಾಜ್ ಗಿಟಾರಿಸ್ಟ್‌ಗಳಾದ ಜಿಮ್ ಹಾಲ್, ಜೋ ಪಾಸ್ ಕೈಯಲ್ಲಿದ್ದ ಗಿಬ್ಸನ್ ಇಎಸ್-175 ಅಂಥದ್ದು. 1949ರಲ್ಲಿ ಬಂದ ಆ ಮಾದರಿಯ ಒಳಗೆ ಪೂರ್ತಿ ಖಾಲಿ. ಆದರೆ ಖಾಲಿ ಪೆಟ್ಟಿಗೆಯ ಮೇಲ್ಹಲಗೆ ಆಂಪಿನ ಸದ್ದಿಗೇ ಅದುರಿ, ಆ ಅದುರು ತಂತಿಗೆ ಹೋಗಿ, ತಂತಿಯ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಅದನ್ನೇ ಮತ್ತೆ ಆಂಪಿಗೆ ಕಳಿಸಿ, ಊಳಿಡುತ್ತದೆ. ನಮ್ಮ ಹಾಲಿನಲ್ಲಿ ಆಂಪಿಗೂ ನನ್ನ ಮೊಣಕಾಲಿಗೂ ಎರಡಡಿ ಅಂತರ. ಗಿಬ್ಸನ್‌ನವರು 1958ರ ಇಎಸ್-335ರಲ್ಲಿ ಪೆಟ್ಟಿಗೆಯ ನಡುವೆ ಉದ್ದಕ್ಕೂ ಮೇಪಲ್ ಮರದ ದಿಮ್ಮಿ ಕೂರಿಸಿ, ಎಡಬಲ ರೆಕ್ಕೆಗಳನ್ನಷ್ಟೇ ಖಾಲಿ ಬಿಟ್ಟದ್ದು ಈ ಕಾಟ ತಗ್ಗಿಸಲಿಕ್ಕೇ. ಹಾಗಾಗಿ ಸೆಮಿ ಹಾಲೋ. 'ಅದರಲ್ಲಿ ಜಾಜ್ ಬರಲ್ಲ' ಅನ್ನುವವರಿಗೆ ಜಾಜ್ ಗಿಟಾರಿಸ್ಟ್ ಜಾನ್ ಸ್ಕೋಫೀಲ್ಡ್ ಸಾಕು, ದಶಕಗಳಿಂದ ಅವರ ಕೈಯಲ್ಲಿರುವುದು ಇಬಾನೆಜ್‌ನ ಸೆಮಿ ಹಾಲೋ ಎಎಸ್-200. ಫೋಟೋ ನೋಡಿ ಆರಿಸುವವರು ಮಾತ್ರ ಸ್ವಲ್ಪ ಹುಷಾರು. ಇನ್ನೊಬ್ಬ ಜಾಜ್ ಗಿಟಾರಿಸ್ಟ್ ಗ್ರ್ಯಾಂಟ್ ಗ್ರೀನ್ ನುಡಿಸುತ್ತಿದ್ದ ಇಎಸ್-330 ನೋಡಲು 335ರ ತಮ್ಮನ ಹಾಗಿದ್ದರೂ ಒಳಗೆ ದಿಮ್ಮಿಯಿಲ್ಲ.

ನನ್ನ ಬಜೆಟ್ಟು 50 ಸಾವಿರದೊಳಗೆ, ಅಂದರೆ 335ರ ನಕಲು. ಯಾವ ಕಂಪನಿ ಅಂತ ಹೇಳುವುದಿಲ್ಲ, ಯಾಕೆಂದರೆ ಮುಂದೆ ದೂರುವುದು ಈ ಜಾತಿಯ ಕಟ್ಟುವಿಕೆಯನ್ನೇ ಹೊರತು ಒಂದು ಬ್ರ್ಯಾಂಡನ್ನಲ್ಲ.

ಅಂಗಡಿಯಿಂದ ತಂದ ದಿನ ಅದು ಜಾಜ್ ಗಿಟಾರೇ ಅಲ್ಲ. ತೆಳು ತಂತಿ, ಟಿಣ್ ಟಿಣ್ ಸದ್ದು. ನಾದ ಬದಲಾದದ್ದು ಫ್ಲ್ಯಾಟ್‌ವೌಂಡ್ ತಂತಿ ಹಾಕಿದ ಮೇಲೆ. ಡಿ'ಆಡಾರಿಯೋ ಕ್ರೋಮ್ಸ್, 12-52 ಸೆಟ್ಟು (ತಂತಿಯ ದಪ್ಪ, ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ). ಹೊರಸುತ್ತು ಚಪ್ಪಟೆಯಾಗಿರುವುದರಿಂದ ಬೆರಳು ಜಾರಿದಾಗಿನ ಕೀರಲು ಇಲ್ಲ, ಮೂರನೇ ತಂತಿಗೂ ಸುತ್ತು ಇರುತ್ತದೆ. ಅದು ಕೂರಲಿಕ್ಕೆ ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಕಚ್ಚನ್ನು ಸ್ವಲ್ಪ ಅರ ಹಾಕಿ ಅಗಲ ಮಾಡಿಸಬೇಕಾಯಿತು, ದಪ್ಪ ತಂತಿಯ ಎಳೆತಕ್ಕೆ ನೆಕ್ ಕೂಡ ಬಾಗಿತ್ತು, ಅದರೊಳಗಿನ ಕಬ್ಬಿಣದ ಸಲಾಕೆ, ಟ್ರಸ್ ರಾಡ್, ಕಾಲು ಸುತ್ತು ಬಿಗಿ ಮಾಡಿಸಿದೆ. ಆಮೇಲೆ ಎರಡು ಪಿಕಪ್ಪುಗಳಲ್ಲಿ ನೆಕ್ ಬದಿಯದು, ವಾಲ್ಯೂಮು ಏಳು, ಟೋನ್ ನಾಬ್ ನಾಲ್ಕರ ಆಸುಪಾಸು. ಮೀಟುವ ಬಿಲ್ಲೆ ಪ್ಲೆಕ್ಟ್ರಮ್ ಪಕ್ಕಕ್ಕಿಟ್ಟು ಜಾಜ್ ದಿಗ್ಗಜ ವೆಸ್ ಮಾಂಟ್ಗೋಮರಿಯವರಂತೆ ಹೆಬ್ಬೆರಳಲ್ಲಿ ಮೀಟಿದರೆ ಸ್ವರದ ಮುಂದಿನ ಚೂಪು ಹೋಗಿ ತುಂಬು ಹೊಟ್ಟೆಯ ಸದ್ದು ಬರುತ್ತದೆ. ತಂತಿ ದಪ್ಪವಾದ್ದರಿಂದ ಅದನ್ನು ಎಳೆದು ಬ್ಲೂಸ್ ನುಡಿಸುವ ಮೋಜು ಅಲ್ಲಿಗೆ ಮುಗಿಯಿತು. ಇನ್ನೊಂದು, ಬ್ರಿಡ್ಜ್ ಬದಿಯ ಪಿಕಪ್ಪಿಗೆ ಕೆಲಸವೇ ಇಲ್ಲ.

ಇಲ್ಲಿಯವರೆಗೆ ಎಲ್ಲ ಚೆಂದ. ಈಗ ಔಟ್‌ಪುಟ್ ಜಾಕು, ಆಂಪಿನ ಕೇಬಲ್ ಚುಚ್ಚುವ ಜಾಗ.

ಪ್ಲಗ್ ಹಾಕಿ ತೆಗೆದು ಜಾಕಿನ ನಟ್ಟು ಸಡಿಲಾಗುವುದು ಎಲ್ಲ ಗಿಟಾರಿನಲ್ಲೂ ಇದ್ದದ್ದೇ. ಸಾಲಿಡ್ ಬಾಡಿಯಾದರೆ ಸ್ಕ್ರೂ ಬಿಚ್ಚಿ ಸರಿಮಾಡುತ್ತೀರಿ. ಇಲ್ಲಿ ಜಾಕು ನೇರ ಪೆಟ್ಟಿಗೆಯೊಳಕ್ಕೆ ಬೀಳುತ್ತದೆ. ನನ್ನದು ಬಿತ್ತು, ಅದೂ ಗೆಳೆಯರ ಜೊತೆ ನುಡಿಸಲು ಹೊರಟ ಸಂಜೆ. ರಿಪೇರಿಯವರು ಗಿಟಾರನ್ನು ತಿರುವಿ ನೋಡಿ, 'ಸಾರ್, ಹಿಂದೆ ಮುಚ್ಚಳಾನೇ ಕೊಟ್ಟಿಲ್ವಲ್ಲ. ಎಲ್ಲಾ ಈ ತೂತಲ್ಲೇ ತೆಗೀಬೇಕು, ಒಂದು ವಾರ ಬಿಟ್ಟಿರಿ' ಅಂದರು. ಕೇಳಿದ ಮಜೂರಿಗೆ ಇನ್ನೆರಡು ಸೆಟ್ ಫ್ಲ್ಯಾಟ್‌ವೌಂಡ್ ಬರುತ್ತಿತ್ತು. ವಾಪಸ್ ತಂದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಹೊಸ ಜಾಕು, ಹಲ್ಲಿನ ವಾಷರು ತೆಗೆದುಕೊಂಡೆ. ಕಷ್ಟ ಬೆಸುಗೆಯದಲ್ಲ, ಹೊಸ ಜಾಕನ್ನು ಅದರ ತೂತಿಗೆ ಮುಟ್ಟಿಸುವುದು. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪ್ಲಾಸ್ಟಿಕ್ ನಳಿಗೆ ಬೇಕು. ಅದನ್ನು ಜಾಕಿನ ತೂತಿನಿಂದ ಒಳಗೆ ತೂರಿ, ಎಫ್ ಹೋಲ್‌ನಲ್ಲಿ ತುದಿ ಕಂಡ ಕೂಡಲೇ ಕೊಕ್ಕೆ ತಂತಿಯಲ್ಲಿ ಹೊರಗೆಳೆಯಬೇಕು. ಅಜ್ಜಿಮನೆಯ ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಸಿ ತಡಕುತ್ತಿದ್ದೆವಲ್ಲ, ಥೇಟ್ ಅದೇ. ವೈರು ಬೆಸೆದ ಜಾಕಿನ ಬಾಯಿಗೆ ನಳಿಗೆ ಬಿಗಿಯಾಗಿ ಕೂರುತ್ತದೆ. ಜಾಕನ್ನು ಎಫ್ ಹೋಲ್‌ನಲ್ಲಿ ಓರೆಯಾಗಿ ಒಳಗೆ ಬಿಟ್ಟು ಮೆಲ್ಲಗೆ ನಳಿಗೆ ಜಗ್ಗಿದರೆ ಅದರ ಮೂತಿ ತೂತಿನಿಂದಾಚೆ ಬರುತ್ತದೆ. ಬಂದಾಗ ಕೈ ಬಿಡಬೇಡಿ. ಹೊರಗಿನ ಚಪ್ಪಟೆ ವಾಷರು, ನಟ್ಟುಗಳನ್ನು ನಳಿಗೆಯ ಮೇಲೇ ಪೋಣಿಸಿ ಇಳಿಸಿ, ಸ್ಪ್ಯಾನರಿನಲ್ಲಿ ಬಿಗಿದ ಮೇಲೆಯೇ ನಳಿಗೆ ಕೀಳಬೇಕು. ಹಲ್ಲಿನ ವಾಷರು ಮೊದಲೇ ಜಾಕಿಗೆ ಹಾಕಿದ್ದು, ಪೆಟ್ಟಿಗೆಯ ಒಳಗಡೆ ಇರಬೇಕು, ಆಗ ಜಾಕು ನಟ್ಟಿನ ಜೊತೆ ತಿರುಗುವುದಿಲ್ಲ. ನನಗೆ ಒಂದಿಡೀ ಭಾನುವಾರ ಹಿಡಿಯಿತು. ಹಿಂಬದಿಗೆ ಅಂಗೈಯಗಲದ ಒಂದು ಮುಚ್ಚಳ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಚೆಂದ ಕೆಡುತ್ತದೆಯಂತೆ!

ಒಂದು ಸ್ಟಾರು ಅದಕ್ಕೇ ಖೋತಾ, ನಾಲ್ಕು ಕೊಡುತ್ತೇನೆ. ಡ್ರಮ್ಸ್ ಇರುವ ಬ್ಯಾಂಡಿನಲ್ಲಿ ಜೋರಾಗಿ ನುಡಿಸುವವರಿಗೂ, ಜಾಜ್ ಜೊತೆಗೆ ಬೇರೆ ಪ್ರಕಾರಗಳು ಬೇಕೆನ್ನುವವರಿಗೂ ಧೈರ್ಯವಾಗಿ ಹೇಳಬಹುದು. ಮನೆಯಲ್ಲೇ ಮೆಲುದನಿಯಲ್ಲಿ ಬರೀ ಜಾಜ್ ನುಡಿಸುವವರು, ಕೈಯಲ್ಲಿ ಕಾಸಿದ್ದರೆ, ಫುಲ್ ಹಾಲೋ ಒಮ್ಮೆ ನೋಡಿ. ಯಾವುದನ್ನೇ ಕೊಂಡರೂ ಅಂಗಡಿಯಲ್ಲೇ ಜಾಕಿನ ನಟ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಅಲ್ಲೇ ಬಿಗಿ ಮಾಡಿಸಿಕೊಂಡು ಬನ್ನಿ.