ತಲ್ಯಾಗಿನ ಧ್ವನಿಗೆ ಉತ್ತರ ಕೊಡಬೇಕೋ ಬ್ಯಾಡೋ: ಮೂರು ಗೇಮ್ ಆಡಿದ ಮ್ಯಾಲ ನನ್ನ ಲೆಕ್ಕ

ನಮ್ಮ ಕಡೆ ಯಾರರ ಸ್ವಲ್ಪ ತಿಕ್ಕಲಾಡಿದ್ರ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗತಾರಲ್ಲ, ಮಾನಸಿಕ ರೋಗದ ದವಾಖಾನಿ ಡಿಮ್ಹಾನ್ಸ್ ಅಲ್ಲೇ ಐತಿ ಅಂತೇಳಿ, ಹುಬ್ಬಳ್ಳ್ಯಾಗ ಕೂತು ನಾನೂ ಆ ಜೋಕು ನೂರು ಸಲ ಹೊಡದೇನಿ. ಈಗ ಅದು ಬಾಯಾಗ ಬರವಲ್ದು. ಅದಕ್ಕ ಅರ್ಧ ಕಾರಣ ಗೇಮು, ಅರ್ಧ ಕಾರಣ ನಮ್ಮವ್ವ.

ಆಡಿದ್ದು ಮೂರು. ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್ (2017), ಡಿಸ್ಕೊ ಎಲಿಸಿಯಂ (2019), ಸೈಕೋನಾಟ್ಸ್ 2 (2021). ಮೂರೂ ಒಡದ ಮನಸ್ಸಿನ ಕತಿ, ಡಿಸ್ಕೊ ಮಾತ್ರ ಪೂರ್ತಿ ಒಳಗಲ್ಲ, ಅರ್ಧ ಊರಾಗ ಅರ್ಧ ತಲ್ಯಾಗ. ನಂದು ಹಳೇ ಲ್ಯಾಪ್‌ಟಾಪು, 4 ಜಿಬಿ ಗ್ರಾಫಿಕ್ಸ್ ಕಾರ್ಡು, ಗೇಮ್ ಹಚ್ಚಿದ್ರ ಫ್ಯಾನ್ ಹಿಟ್ಟಿನ ಗಿರಣಿ ಹಂಗ ಸಪ್ಪಳ ಮಾಡತೈತಿ, ಹಂಗಾಗಿ ಗ್ರಾಫಿಕ್ಸ್ ಬಗ್ಗೆ ನನ್ನ ಮಾತು ನಂಬಬ್ಯಾಡ್ರಿ.

ಮೊದಲ ಹೆಲ್‌ಬ್ಲೇಡ್. ಸೆನುವಾ ಅನ್ನೂ ಪಿಕ್ಟ್ ಜನಾಂಗದ ಹುಡುಗಿ, ಸತ್ತ ಪ್ರಿಯಕರನ ತಲಿ ಸೊಂಟಕ್ಕ ಕಟಗೊಂಡು ಅವನ ಆತ್ಮ ವಾಪಸ್ ತರಾಕ ಹೆಲ್‌ಹೈಮ್‌ಗೆ ಹೊಕ್ಕಾಳ, ಅಂದ್ರ ನಾರ್ಸ್ ಕತಿಯೊಳಗಿನ ಸತ್ತವರ ಲೋಕಕ್ಕ. ಆಕಿ ತಲ್ಯಾಗ ನಾಕೈದು ಹೆಂಗಸರ ಧ್ವನಿ ಒಂದ ಸಮ ಪಿಸುಗುಡತಾವ, ಒಂದು ಹೆದರಸತೈತಿ, ಒಂದು ಹಂಗಸತೈತಿ, ಒಂದು ಪಾಪ ಅಂತೈತಿ. ಇದನ್ನ ಮನಷ್ಯಾನ ತಲಿ ಹಂಗ ಎರಡೂ ಕಡೆ ಕಿವಿ ಇರೂ ಮೈಕಿನಾಗ ರೆಕಾರ್ಡ್ ಮಾಡ್ಯಾರ, ಅದಕ್ಕ ಹೆಡ್‌ಫೋನ್ ಹಾಕ್ಕೊಂಡ್ರ ಒಬ್ಬಾಕಿ ಎಡಗಿವಿಗೆ ಬಾಯಿ ಹಚ್ಚಿ ಮಾತಾಡಿ ಹಿಂದ ಹಾದು ಬಲಗಿವಿಗೆ ಹೋದಂಗ ಆಗತೈತಿ. ಹೆಡ್‌ಫೋನ್ ಇಲ್ಲಂದ್ರ ಈ ಗೇಮ್ ಆಡಲೇಬ್ಯಾಡ್ರಿ. ನಾ ಕೊಪ್ಪಿಕರ್ ರೋಡಿನ ಒಂದು ಅಂಗಡ್ಯಾಗ "ಒರಿಜಿನಲ್ ಐತಿ ತಗೋರಿ" ಅಂದಿದ್ದಕ್ಕ ನಂಬಿ ಒಂದು ತಂದಿದ್ದೆ, ಮೂರನೇ ದಿನಕ್ಕ ಬಲಗಡಿ ಸತ್ತು ಎಲ್ಲಾ ಧ್ವನಿ ಎಡಗಿವಿಗೇ ಬಂದು ಕೂತುವು, ಎರಡು ತಾಸು ಅದೂ ಗೇಮಿನ ಕತೀನ ಅನಕೊಂಡು ಆಡೇನಿ ಮಾರಾಯ್ರ.

ಮಾಡಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ನಿಂಜಾ ಥಿಯರಿ, ಸುಮಾರು 20 ಮಂದಿ ಇದ್ದ ತಂಡ. ಅಲ್ಲಿನ ಯುನಿವರ್ಸಿಟಿಯ ಮನೋವೈದ್ಯ ಪ್ರೊಫೆಸರ್ ಪಾಲ್ ಫ್ಲೆಚರ್ ಅವರನ್ನ ಕರಕೊಂಡಾರ, ಖರೇನ ಧ್ವನಿ ಕೇಳಿಸೂ ಜನರನ್ನೂ ಕುಂದ್ರಿಸ್ಕೊಂಡು ಹೆಂಗ ಕೇಳತೈತಿ ಅಂತ ಕೇಳ್ಯಾರ. ಅದು ಗೊತ್ತಾಗತೈತಿ. ಬಾಗಲಾ ತಗ್ಯಾಕ ಒಂದು ಅಕ್ಷರದ ಆಕಾರ ಹುಡಕಬೇಕು, ಎರಡು ಕಂಬ, ಒಂದು ಮುರದ ಹಲಗಿ, ಸರಿಯಾದ ಜಾಗಾದಾಗ ನಿಂತು ನೋಡಿದ್ರ ಆ ಅಕ್ಷರ ಕೂಡತೈತಿ. ಮೊದಲ ಬ್ಯಾಸರಾತು, ಆಮ್ಯಾಲ ತಿಳೀತು, ಎಲ್ಲಾದ್ರಾಗೂ ತನಗಂತ ಬರದಿಟ್ಟ ಗುರುತು ಕಾಣೂದು ಸೆನುವಾಗಿರೂ ಸೈಕೋಸಿಸ್ ಅನ್ನೂ, ಇಲ್ಲದ್ದು ಕೇಳಿಸಿ ಕಾಣಿಸೂ ಕಾಯಿಲೆ ಸ್ವಭಾವನ ಐತಿ, ನಿಮ್ಮ ಕೈಯಿಂದ ಅದನ್ನ ಮಾಡ್ಸತಾರ. ಸೆನುವಾ ಆಗಿದ್ದು ಮೆಲಿನಾ ಯೂರ್ಗೆನ್ಸ್, ಅದ ಕಂಪನ್ಯಾಗ ವಿಡಿಯೊ ಎಡಿಟಿಂಗ್ ಮಾಡ್ತಿದ್ದಾಕಿ, 2018ರಾಗ ಅದಕ್ಕ ಬಾಫ್ಟಾ ಅನ್ನೂ ಬ್ರಿಟನ್ನಿನ ಪ್ರಶಸ್ತಿ ಬಂತು.

ಆದ್ರ ಹೊಡದಾಟ ಒಂದ ನಮೂನಿ, ಅರ್ಧಕ್ಕ ಬರೂದ್ರಾಗ ಕೈ ತಾನ ಓಡತೈತಿ. ಛಲೋ ಅಂದ್ರ ಸ್ಕ್ರೀನ್ ಮ್ಯಾಲ ಲೈಫ್ ಪಟ್ಟಿ, ಮ್ಯಾಪ್, ಏನೂ ಇಲ್ಲ, ಹಿಂದಿಂದ ಯಾರರ ಬಂದ್ರ ಧ್ವನಿಗಳ ಹೇಳತಾವ. ಇಡೀ ದಿನ ಹಂಗಸೂ ಧ್ವನೀನ ನಂಬಿ ಜೀವ ಉಳಿಸ್ಕೋಬೇಕು, ಈ ಒಂದು ಐಡಿಯಾಕ್ಕ ನಾ ಹತ್ತಕ್ಕ ಹತ್ತು ಕೊಡತೇನಿ. ಇನ್ನೊಂದು, ಶುರುವಿನ್ಯಾಗ ಹೆದರಸತಾರ: ಸೋತಂಗೆಲ್ಲಾ ಸೆನುವಾನ ಕೈ ಕೊಳೆಯೂದು ಮ್ಯಾಲ ಏರತೈತಿ, ತಲಿ ಮುಟ್ಟಿದ್ರ ಆಡಿದ್ದೆಲ್ಲಾ ಅಳಿಸಿ ಹೋಗತೈತಿ ಅಂತ. ನಾ ನಡಗಕೋತ ಆಡೀನಿ. ಮುಗಿಸಿದ ಮ್ಯಾಲ ದೋಸ್ತ ಹೇಳಿದ, ಅದು ಬರೇ ಬೆದರಿಕಿ, ಏನೂ ಅಳಸಂಗಿಲ್ಲ ಅಂತ. ಇದಕ್ಕ ಭಾಳ ಮಂದಿ ಸಿಟ್ಟಿಗೆದ್ದಾರ, ರೊಕ್ಕ ಕೊಟ್ಟವನಿಗೆ ಸುಳ್ಳು ಹೇಳೂದಾ ಅಂತ. ನನಗ ಸಿಟ್ಟು ಬರಲಿಲ್ಲ, ಸೆನುವಾನ ತಲಿ ಆಕಿಗೆ ದಿನಾ ಹೇಳೂ ಸುಳ್ಳನ್ನ ನನಗೂ ಹೇಳಿತ್ತು, ಅಷ್ಟ.

ಈಗ ಅವ್ವನ ಸುದ್ದಿ. ಒಂದಿನ ಚಾ ಕೊಡಾಕ ಬಂದ್ಲು, ಏನಿದು ಕೇಳ್ಸು ಅಂದ್ಲು, ಹೊಸಾ ಹೆಡ್‌ಫೋನ್ ಆಕಿ ಕಿವಿಗೆ ಹಾಕೀನಿ. ಇಂಗ್ಲಿಷ್ ಆಕಿಗೆ ತಿಳಿಯಂಗಿಲ್ಲ. ಎರಡು ಸಲ ತಿರುಗಿ ಹಿಂದ ನೋಡಿದ್ಲು. ಐದು ನಿಮಿಷ ಕೂತ್ಲು, ಚಾ ಆರಿ ಹೋತು. ಹೆಡ್‌ಫೋನ್ ತಗದು "ನಿಮ್ಮ ಕಾಕಾಗ ಹಿಂಗ ಕೇಳತಿತ್ತೇನೋ" ಅಂದ್ಲು. ಕಾಕಾ ಅಂದ್ರ ಗದಗದ ಮನ್ಯಾಗ ಇದ್ದಂವ, ಈಗಿಲ್ಲ, ನಾ ಸಣ್ಣಾಂವ ಇದ್ದಾಗ ಹಿತ್ತಲದಾಗ ಬಾವಿ ಕಟ್ಟಿ ಹತ್ರ ನಿಂತು ಒಬ್ಬನ ಮಾತಾಡ್ತಿದ್ದ, ನಾವು ಹುಡುಗರು ಕಿಟಕ್ಯಾಗಿಂದ ನೋಡಿ ನಗತಿದ್ವಿ. ಅವ್ವ ಬಾಗಲದ ತನಕಾ ಹೋಗಿ ನಿಂತು ಒಂದು ಮಾತು ಕೇಳಿದ್ಲು: "ಅಂವ ಉತ್ತರಾ ಕೊಡತಿದ್ದ. ಈ ಹುಡುಗಿ ಯಾಕ ಉತ್ತರಾ ಕೊಡವಲ್ಲಳು?"

ಖರೇ ಐತಿ. ಸೆನುವಾ ಎಲ್ಲೋ ಒಮ್ಮೆ ಬಾಯಿ ಮುಚ್ರಿ ಅಂತ ಚೀರತಾಳ, ಆದ್ರ ಆಡೂ ನನ್ನ ಕೈಯಾಗ ಉತ್ತರ ಕೊಡೂ ಬಟನ್ನ ಇಲ್ಲ. ಕೇಳಬೇಕು, ಅಷ್ಟ.

ಡಿಸ್ಕೊ ಎಲಿಸಿಯಂದಾಗ ಇರೂದ ಆ ಬಟನ್ನು. ಒಬ್ಬ ಪೊಲೀಸ ಕುಡದು ಕುಡದು ತನ್ನ ಹೆಸರೂ ಮರತು ಹಾಸ್ಟೆಲ್ ರೂಮಿನ ನೆಲದ ಮ್ಯಾಲ ಬಿದ್ದಾನ, ಹಿತ್ತಲದ ಗಿಡಕ್ಕ ಒಂದು ಹೆಣ ನೇತಾಡಾಕ ಹತ್ತೇತಿ, ಅದರ ಕೇಸು ಇವನ್ದ. ಅವನ ತಲ್ಯಾಗ 24 ಸ್ಕಿಲ್ಲು, ಒಂದೊಂದೂ ಒಂದೊಂದು ಮನಷ್ಯಾ ಇದ್ದಂಗ. ತರ್ಕದ್ದು ಒಂದು, ಸಿಗರೇಟ್ ಸೇದು ಎಣ್ಣಿ ಹೊಡಿ ಅನ್ನೂದು ಒಂದು, ಬ್ಯಾಡಾದ ಸಾಮಾನ್ಯ ಜ್ಞಾನ ಒದರೂದು ಒಂದು (ನಮ್ಮ ಓಣ್ಯಾಗ ಎಲ್ಲಾ ಕಟ್ಟಿ ಮ್ಯಾಲೂ ಅಂಥಾಂವ ಒಬ್ಬ ಕೂತಿರತಾನ). ಎಲ್ಲಾ ಒಟ್ಟಿಗೆ ಬಾಯಿ ಹಾಕತಾವ, ಒಂದಕ್ಕೊಂದು ಜಗಳಾಡತಾವ, ಮಜಾ ಏನಂದ್ರ ಖರೇನೂ ಹೇಳತಾವ ಸುಳ್ಳೂ ಹೇಳತಾವ, ಯಾವುದಕ್ಕ ಹೂಂ ಅನಬೇಕು ನೀವ ನೋಡ್ಕೋಬೇಕು. ಒಂದು ಸ್ಕಿಲ್ಲಿಗೆ ಭಾಳ ಪಾಯಿಂಟ್ ಹಾಕಿದ್ರ ಅದ ಯಜಮಾನಿಕಿ ಮಾಡತೈತಿ. ಶಿವರ್ಸ್ ಅನ್ನೂದು ಒಂದೈತಿ, ಗಾಳಿ ಮೈಗೆ ತಾಕಿದ್ರ ಆ ಊರು ರೆವಶೋಲ್ ತಾನ ಮಾತಾಡತೈತಿ. ಆಷಾಢದಾಗ ಉಣಕಲ್ ಕೆರಿ ಏರಿ ಮ್ಯಾಲ ಸಂಜಿಗೆ ನಿಂತವರಿಗೆ ಅದನ್ನ ಬಿಡಿಸಿ ಹೇಳೂದು ಬ್ಯಾಡ.

ಕೈ ಹೊಡದಾಟ ಇಲ್ಲ, ಎರಡು ದಾಳ ಉರುಳಿಸೂದು. ನಾ ಮೊದಲನೇ ಹತ್ತು ನಿಮಿಷದಾಗ ಸತ್ತೇನಿ, ಫ್ಯಾನಿಗೆ ಸಿಕ್ಕೊಂಡ ಟೈ ತಗ್ಯಾಕ ಹೋಗಿ ಹಾರ್ಟ್ ಅಟ್ಯಾಕು, ಗೇಮ್ ಓವರ್. ಇಂಥಾ ಸಾವು ಹೆಲ್‌ಬ್ಲೇಡಿನ್ಯಾಗ ಸಿಗಂಗಿಲ್ಲ. ಜೋಡಿ ಒಬ್ಬ ಲೆಫ್ಟಿನೆಂಟ್ ಕಿಮ್ ಅಂತ ಇರತಾನ, ನೀವು ಮರದ ಜೋಡಿ ಮಾತಾಡಿದ್ರೂ ನಗಂಗಿಲ್ಲ, ನೋಟ್‌ಬುಕ್ ತಗದು ಬರಕೋತ ನಿಂದ್ರತಾನ. ಕಿಟಕ್ಯಾಗ ನಿಂತ ನಾವು ಹಂಗ ಇರಬೇಕಿತ್ತು ಅಂತ ಅನಿಸ್ತು, ಇರಲಿ.

ತ್ರಾಸು ಅಂದ್ರ ಓದೂದು. ದಶಲಕ್ಷ ಶಬ್ದ ದಾಟಿದ ಗೇಮದು, ಕನ್ನಡ ಮೀಡಿಯಂ ನಾನು, ಒಂದು ಪುಟಕ್ಕ ಮೂರು ಸಲ ಡಿಕ್ಷನರಿ. ಅವರ ರಾಜಕೀಯ ಜೋಕು ಅರ್ಧ ತಲಿ ಮ್ಯಾಲಿಂದ ಹೋದುವು. 2021ರ ಫೈನಲ್ ಕಟ್ ಅನ್ನೂ ಆವೃತ್ತ್ಯಾಗ ಎಲ್ಲಾ ಮಾತಿಗೂ ಧ್ವನಿ ಕೊಟ್ಟಾರ, ಅದ ಹಾಕ್ಕೋರಿ, ಕೇಳ್ಕೋತ ಓದಿದ್ರ ಹಗರ ಆಗತೈತಿ.

ಸೈಕೋನಾಟ್ಸ್ 2 ನಾ ತಮ್ಮನ ಗೇಮು ಅಂತ ಬಿಟ್ಟಿದ್ದೆ, ಕಾರ್ಟೂನು, ಜಿಗದಾಟ, ಬಣ್ಣ ಬಣ್ಣ. 2005ರ ಮೊದಲನೇ ಭಾಗ ನಾ ಆಡಿಲ್ಲ, ಶುರುವಿನ್ಯಾಗ ಹಿಂದಿನ ಕತಿ ಹೇಳತಾರ, ತೊಂದ್ರಿ ಆಗಲಿಲ್ಲ. ರಾಜ್ ಅನ್ನೂ ಹುಡುಗ ಬ್ಯಾರೆದವರ ಮನಸ್ಸಿನೊಳಗ ಹೊಕ್ಕು ಕೆಲಸ ಮಾಡತಾನ, ಅಲ್ಲಿ ವೈರಿಗಳ ಹೆಸರ ನೋಡ್ರಿ, ಪಶ್ಚಾತ್ತಾಪ ಅನ್ನೂದು ಭಾರಾ ಹೊತಗೊಂಡು ಹಾರತೈತಿ, ಸಂಶಯ ಕಾಲಿಗೆ ಅಂಟತೈತಿ, ಪ್ಯಾನಿಕ್ ಅಟ್ಯಾಕು ಹಿಡಿಯಾಕ ಸಿಗಂಗಿಲ್ಲ. ಫೋರ್ಡ್ ಅನ್ನೂ ಮುದುಕನ ಮನಸ್ಸು ಖರೇನ ಚೂರಾಗಿರತೈತಿ, ಒಂದು ಚೂರು ಕ್ಷೌರದ ಅಂಗಡಿ, ಒಂದು ಬೌಲಿಂಗ್, ಒಂದು ಪೋಸ್ಟು, ಮೂರೂ ಕೂಡಸಬೇಕು. ನನಗ ತಾಕಿದ್ದು ಅದಲ್ಲ, ಹಾಲಿಸ್ ಅನ್ನೂ ಮೇಡಮ್ಮರ ಲೆವೆಲ್ಲು. ರಾಜ್ ತನ್ನ ಅನುಕೂಲಕ್ಕ ಅವರ ತಲ್ಯಾಗ ಎರಡು ವಿಚಾರದ ಗಂಟು ಬಿಚ್ಚಿ ಬ್ಯಾರೆ ಕಡೆ ಕಟ್ಟತಾನ, ಒಮ್ಮೆಲೆ ಅವರು ಜೂಜಿನ ಹುಚ್ಚು ಹಿಡದು ಹೊಂಟಬಿಡತಾರ, ಅವರ ಮನಸ್ಸಿನೊಳಗಿನ ದವಾಖಾನಿ ಕ್ಯಾಸಿನೊ ಆಗಿರತೈತಿ. ಆಮ್ಯಾಲ ಅಂವ ಹೋಗಿ ಅದನ್ನ ಬಿಡಸಬೇಕು, ತಪ್ಪು ಒಪ್ಪಬೇಕು. ಕೇಳದ ಯಾರ ತಲೀನೂ ರಿಪೇರಿ ಮಾಡಾಕ ಹೋಗಬ್ಯಾಡ ಅನ್ನೂದನ್ನ ಉಳಿದ ಎರಡೂ ಗೇಮು ಹೇಳಿಲ್ಲ, ಹುಡುಗರ ಗೇಮು ಹೇಳೇತಿ.

ಕೊನಿಗೆ ಎಲ್ಲಾ ಗಂಟೂ ಬಿಚ್ಚಿ ನೀಟಾಗಿ ಕೂಡತಾವ, ಅದ ನನ್ನ ತಕರಾರು. ನಮ್ಮ ಮನ್ಯಾಗ ಹಂಗ ಕೂಡಲಿಲ್ಲ.

ಇನ್ನ ಕರೆಂಟಿನ ಸುದ್ದಿ, ಇದು ನಮ್ಮ ಕಡೆಯವರಿಗೆ ಮುಖ್ಯ. ನನ್ನ ಬ್ಯಾಟರಿ ಇಪ್ಪತ್ತು ನಿಮಿಷ ತಡಿಯಂಗಿಲ್ಲ. ಹೆಲ್‌ಬ್ಲೇಡ್ ತಾನ ಸೇವ್ ಮಾಡ್ಕೋತೈತಿ, ನೀವು ಬೇಕಂದಾಗ ಮಾಡಾಕ ಬರಂಗಿಲ್ಲ, ಮಳಿಗಾಲದಾಗ ಒಂದ ಹೊಡದಾಟ ನಾಕು ಸಲ ಆಡೇನಿ. ಡಿಸ್ಕೊದಾಗ ಮಾತುಕತಿ ನಡೂವ ಒಂದು ಬಿಟ್ರ ಯಾವಾಗ ಬೇಕಾದ್ರೂ ಸೇವ್. ಸೈಕೋನಾಟ್ಸಿನ್ಯಾಗ ಏಟ ಬೀಳದಂಗ ಮಾಡೂ ಸೆಟ್ಟಿಂಗ್ ಐತಿ, ತಮ್ಮ ಅದನ್ನ ಹಾಕ್ಕೊಂಡು ನನಗಿಂತ ಮೊದಲ ಮುಗಿಸಿದ.

ಒಂದ ತಗೋಂತೇನಿ ಅನ್ನವರಿಗೆ ನಾ ಡಿಸ್ಕೊ ಹೇಳತೇನಿ, ಇಂಗ್ಲಿಷ್ ಓದೂ ತಾಳ್ಮಿ ಇದ್ರ. ಇಲ್ಲಂದ್ರ ಸೈಕೋನಾಟ್ಸ್. ಹೆಲ್‌ಬ್ಲೇಡ್ ಏಳೆಂಟು ತಾಸಿಂದು, ಒಂದು ಸಲ ಆಡಲೇಬೇಕು, ಆದ್ರ ರಾತ್ರಿ ಒಬ್ಬರ ಇದ್ದಾಗ ಬ್ಯಾಡ, ಮತ್ತ ನಿಮಗ ಅಥವಾ ಮನ್ಯಾಗ ಯಾರಿಗರ ಈ ತ್ರಾಸು ಇದ್ರ ಮೊದಲ ಯಾರರ ಆಡೂದನ್ನ ಹತ್ತು ನಿಮಿಷ ನೋಡಿ ಆಮ್ಯಾಲ ಕೈ ಹಾಕ್ರಿ. ನಾ ಎರಡನೇ ಸಲ ಆಡಿಲ್ಲ, ಅವ್ವ ಹಿಂದ ತಿರುಗಿ ನೋಡಿದ್ದ ಕಣ್ಣಾಗ ಬರತೈತಿ.

ಡಿಸ್ಕೊನೂ ಆಕಿಗೆ ತೋರ್ಸೀನಿ. ಅದರಾಗ ಆ ಪೊಲೀಸನ ಟೈನೂ ಮಾತಾಡತೈತಿ, ಅದನ್ನ ಕನ್ನಡದಾಗ ಹೇಳ್ಕೋತ ಕೂತಿದ್ದೆ, ಕುಡ್ಯಾಕ ಹೋಗೂಣು ಬಾ ಅನ್ನಾಕ ಹತ್ತಿತ್ತು ಅದು. ಅವ್ವ ನಕ್ಕೋತ ಕೇಳಾಕಿ ಒಮ್ಮೆಲೆ "ಅದಕ್ಕ ಹೂಂ ಅನಬ್ಯಾಡ ಮತ್ತ" ಅಂದ್ಲು. ನಾ ಅಷ್ಟೊತ್ತಿಗಾಗಲೇ ಹೂಂ ಒತ್ತಿದ್ದೆ.